ನಮ್ಮ ರೇಂಜ್ ಕಾಕಾ ಇನ್ನಿಲ್ಲ: ಬೆಳಗಾವಿ ಶೂಟಿಂಗ್ ಬಳಗದವರು ಇಲ್ಲಿ ಬರೆಯಿರಿ

ಟಿಳಕವಾಡಿ_ಪಿಸ್ತೂಲ್

ಗೆಳೆಯರೆ, ಬಹಳ ಜನಕ್ಕೆ ಸುದ್ದಿ ಮುಟ್ಟಿರಬೇಕು. ನಮ್ಮ ರೇಂಜ್ ಕಾಕಾ ಹೋದ ವಾರ ತೀರಿಕೊಂಡರು. ಮನೆಯಲ್ಲೇ, ನಿದ್ದೆಯಲ್ಲೇ. ಹೆಸರು, ಫೋಟೊ ಹಾಕುವುದು ಬೇಡ ಅಂತ ಮನೆಯವರು ಹೇಳಿದ್ದಾರೆ. ಹಾಗಾಗಿ ಇಲ್ಲಿ ಯಾರೂ ಹೆಸರು ಬರೆಯಬೇಡಿ. ಕಾಕಾ ಅಂದರೆ ಸಾಕು, ನಮ್ಮ ರೇಂಜಿನಲ್ಲಿ ಒಂದು ದಿನ ಏರ್ ರೈಫಲ್ ಹಿಡಿದವರಿಗೂ ಬೇರೆ ಗುರುತು ಬೇಕಾಗಿಲ್ಲ.

ಕಾಕಾ ಕೋಚ್ ಆಗಿರಲಿಲ್ಲ. ಪದಾಧಿಕಾರಿಯೂ ಅಲ್ಲ. ಒಂದು ಪಂದ್ಯದಲ್ಲೂ ಆಡಿದವರಲ್ಲ. ಉದ್ಯಮಬಾಗಿನ ಒಂದು ಮಷಿನ್ ಶಾಪ್‌ನಲ್ಲಿ ಟರ್ನರ್ ಆಗಿ ದುಡಿದು ನಿವೃತ್ತಿಯಾದವರು. ಮಗಳು ಎನ್‌ಸಿಸಿಯಲ್ಲಿದ್ದಾಗ ಅವಳನ್ನು ಸ್ಕೂಟರ್ ಮೇಲೆ ರೇಂಜಿಗೆ ಬಿಡಲು ಬರುತ್ತಿದ್ದರು. ಮಗಳು ಮದುವೆಯಾಗಿ ಪುಣೆಗೆ ಹೋದಳು. ಕಾಕಾ ಬರುವುದು ಮಾತ್ರ ನಿಲ್ಲಲಿಲ್ಲ.

ರವಿವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಶಟರ್ ಎತ್ತಿ, ಕಸ ಹೊಡೆದು, ಲೈಟ್ ಹಾಕಿ, ಪ್ರತಿ ಲೇನಿನಲ್ಲಿ ಟಾರ್ಗೆಟ್ ಎಳೆಯುವ ಹಗ್ಗ ಎಳೆದು ನೋಡಿ, ಟಾರ್ಗೆಟ್ ಪೇಪರ್‌ಗೆ ನಂಬರ್ ಹಾಕಿ ಇಟ್ಟಿರುತ್ತಿದ್ದರು. ಆಮೇಲೆ ಗಡಿಯಾರ ಹಿಡಿದು ಹಿಂದೆ ನಿಲ್ಲುತ್ತಿದ್ದರು. "ಲೋಡ್." "ಸ್ಟಾರ್ಟ್." "ಸ್ಟಾಪ್." "ಅನ್‌ಲೋಡ್." ಅವರ ಬಾಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಈ ನಾಲ್ಕು ಮಾತು ಮಾತ್ರ ಅನ್ನಿಸುತ್ತದೆ. ಉಳಿದದ್ದೆಲ್ಲ ನಮ್ಮ ಭಾಷೆ. "ಗಡಿಬಿಡಿ ಮಾಡಬ್ಯಾಡ ತಮ್ಮಾ, ಟೈಮ್ ಭಾಳ ಐತಿ." ಪೇಪರ್ ಟಾರ್ಗೆಟ್‌ನಲ್ಲಿ 60 ಹೊಡೆತಕ್ಕೆ ಒಂದೂವರೆ ತಾಸು ಇರುತ್ತದೆ. ಹೊಸ ಹುಡುಗರು ಅದನ್ನು ಅರ್ಧ ತಾಸಿನಲ್ಲಿ ಮುಗಿಸಿ ಎದ್ದುಬಿಡುತ್ತಾರೆ. ಆ ಒಂದು ಮಾತು ಹಿಂದಿನಿಂದ ಕೇಳಿಸಿದರೆ ಭುಜ ತಾನಾಗಿಯೇ ಇಳಿಯುತ್ತಿತ್ತು.

ಕಾರ್ಯ ಎಲ್ಲ ಮುಗಿದ ಮೇಲೆ ನಾವು ಸೇರಿ ಏನಾದರೂ ಮಾಡಬೇಕು ಅಂತ ನನ್ನ ಆಸೆ. ಏನು ಮಾಡೋಣ? ನಿಮ್ಮ ನೆನಪನ್ನೂ ಬರೆಯಿರಿ, ಯೋಚನೆಯನ್ನೂ ಬರೆಯಿರಿ.

ಎಡಗೈ_ರೈಫಲ್

ಅಣ್ಣಾ, ಓದಿದಾಗಿನಿಂದ ಕಣ್ಣು ಒಣಗಿಲ್ಲ.

ನಾನು ಎಡಗೈಯವಳು. ಮೊದಲು ಬಂದಾಗ ರೇಂಜಿನಲ್ಲಿದ್ದ ರೈಫಲ್ ಎಲ್ಲವೂ ಬಲಗೈಯವರದ್ದು. ಜಾಕೆಟ್ ಕೂಡ ಹಾಗೇ. ಜಾಕೆಟ್ ಅಂದರೆ ಮೈಗೆ ಹಾಕುವ ಬಟ್ಟೆ ಅಷ್ಟೇ ಅಲ್ಲ. ದಪ್ಪ ಕ್ಯಾನ್ವಾಸು, ಬೆನ್ನು ಸೊಂಟವನ್ನು ಹಿಡಿದು ನಿಲ್ಲಿಸಬೇಕು, ರೈಫಲ್‌ನ ಹಿಂಭಾಗ, ಅಂದರೆ ಬಟ್, ಕೂರುವ ಭುಜದ ಮೇಲೆ ಜಾರದ ಪಟ್ಟಿ ಇರಬೇಕು. ನನಗೆ ಆ ಪಟ್ಟಿ ಬೇರೆ ಭುಜದಲ್ಲಿ ಬರುತ್ತಿತ್ತು. "ಬಲಗೈಲೇ ಕಲಿತುಬಿಡು" ಅಂದವರು ಜಾಸ್ತಿ. ನಾನೂ ಒಪ್ಪಿಬಿಟ್ಟಿದ್ದೆ.

ಕಾಕಾ ಒಂದು ಕಾಗದ ಸುತ್ತಿ ಕೊಳವೆ ಮಾಡಿ ಕೈಗೆ ಕೊಟ್ಟರು. "ಇದರಾಗ ಆ ಬಲ್ಬ್ ನೋಡವ್ವಾ" ಅಂದರು. ನಾನು ಎಡಗಣ್ಣಿಗೆ ಹಿಡಿದೆ. "ಆತು, ನಿನ್ನ ಕಣ್ಣs ಎಡಕ್ಕ ಐತಿ, ನೀ ಯಾಕ ಬಲಕ್ಕ ಹೊಡೀತಿ?" ಅಂದರು. ಮುಂದಿನ ವಾರ ಹಳೆಯ ಜಾಕೆಟ್ ಒಂದನ್ನು ಶಹಾಪುರದ ಒಬ್ಬ ದರ್ಜಿ ಹತ್ತಿರ ಒಯ್ದು, ಪಟ್ಟಿ ಬಿಚ್ಚಿಸಿ, ಎಡ ಭುಜಕ್ಕೆ ಹೊಲಿಸಿ ತಂದಿದ್ದರು. ಬಡಿಗರನ್ನು ಹಿಡಿದು ಹಳೆಯ ಮರದ ಬಟ್‌ನ ಕೆನ್ನೆ ಇಡುವ ಭಾಗವನ್ನು ಇನ್ನೊಂದು ಕಡೆಗೂ ಕೆತ್ತಿಸಿದರು. ದುಡ್ಡು ಎಷ್ಟಾಯಿತು ಅಂತ ಅಪ್ಪ ಎಷ್ಟು ಕೇಳಿದರೂ ಹೇಳಲಿಲ್ಲ.

ಅದೇ ಜಾಕೆಟ್‌ನಲ್ಲಿ ನಾನು ರಾಜ್ಯ ಮಟ್ಟದ ಪಂದ್ಯಕ್ಕೆ ಹೋದೆ. ಈಗ ಅದು ನನಗೆ ಚಿಕ್ಕದಾಗಿದೆ. ಇನ್ನೊಬ್ಬ ಎಡಗೈ ಹುಡುಗಿಗೆ ಕೊಡಬೇಕು.

ಉದ್ಯಮಬಾಗ್_ಟರ್ನರ್

ನಾನು ಶೂಟರ್ ಅಲ್ಲ. ಅವರ ಜೊತೆ ಒಂದೇ ಶೆಡ್‌ನಲ್ಲಿ ಲೇಥ್ ಮೇಲೆ ನಿಂತವನು. ಮಗಳು ಈ ಲಿಂಕ್ ಕಳಿಸಿದಳು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಒಂದು ಎಳೆ ಆಚೀಚೆ ಆದರೆ ಪೀಸ್ ರಿಜೆಕ್ಟ್. ಅವರ ಕಣ್ಣು, ಬೆರಳು ಆ ಅಳತೆಗೆ ಪಳಗಿದ್ದವು. ಹತ್ತು ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ನಡುವಿನ ಹತ್ತು ಅಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಒಂಬತ್ತರ ಉಂಗುರ 5.5 ಮಿಲಿಮೀಟರ್. ಇಡೀ ಟಾರ್ಗೆಟ್ 45.5. ಇದನ್ನು ಅವರು ಮೊದಲ ಸಲ ನೋಡಿ ಬಂದ ದಿನ ಟೀ ಅಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡು ಪೇಪರ್ ಮೇಲೆ ಬರೆದು ತೋರಿಸಿದ್ದರು. "ನಾವು ಮಾಡೋ ಕೆಲಸಾನ ಈ ಹುಡುಗ್ರು ನಿಂತು, ಕೈಯಾಗ ಹಿಡಕೊಂಡು ಮಾಡ್ತಾರ ನೋಡೋ" ಅಂತ. ಅವರಿಗೆ ಆ ಆಟ ಹಿಡಿಸಿದ್ದು ಅಲ್ಲಿಂದ.

ಪಿಸ್ತೂಲಿನ ಟ್ರಿಗರ್ ತೂಕ ನೋಡಲು 500 ಗ್ರಾಂ ತೂಕ ಬೇಕು, ಅಲ್ವಾ? ಅದನ್ನು ಹಿತ್ತಾಳೆಯಲ್ಲಿ ಕಡೆದವರು ಅವರೇ. ನಮ್ಮ ಶಾಪ್‌ನಲ್ಲೇ, ಊಟದ ಬಿಡುವಿನಲ್ಲಿ. ಸ್ವಲ್ಪ ಜಾಸ್ತಿ ಇಟ್ಟು ಕಡೆದು, ಆಮೇಲೆ ಸರಾಫರ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಮತ್ತೆ ಬಂದು ಒಂದು ಪದರ ತೆಗೆದು, ಮತ್ತೆ ಹೋಗಿ ತೂಗಿ. ಸರಾಫರಿಗೇ ಸಾಕಾಗಿತ್ತು. ಕೊನೆಗೆ ಎಮೆರಿ ಕಾಗದದಲ್ಲಿ ಉಜ್ಜಿ ಸರಿ ಮಾಡಿದರು. "ಹುಡುಗ ಮನಿಯಿಂದ ನೂರಾರು ಮೈಲಿ ಹೋಗಿ ಅಲ್ಲಿ ಟ್ರಿಗರ್ ಹಗುರ ಐತಿ ಅಂತ ಹೊರಗ ಹಾಕಿಸ್ಕೋಬಾರದು. ಇಲ್ಲೇ ಗೊತ್ತಾಗಬೇಕು" ಅನ್ನುತ್ತಿದ್ದರು.

ಟಿಳಕವಾಡಿ_ಪಿಸ್ತೂಲ್

ಮಾಮಾ, ಆ ತೂಕ ಈಗಲೂ ರೇಂಜಿನ ಕಪಾಟಿನಲ್ಲಿದೆ. ನಳಿಗೆಯನ್ನು ಮೇಲಕ್ಕೆ ಮಾಡಿ, ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ, ನೆಲದಿಂದ ತೂಕವನ್ನು ಮೆಲ್ಲಗೆ ಎತ್ತಬೇಕು. ಕ್ಲಿಕ್ ಅನ್ನದೆ ತೂಕ ಮೇಲೆದ್ದರೆ ಪಾಸು. ಹೊರಗಿನ ಪಂದ್ಯದಲ್ಲಿ ನನ್ನ ಪಿಸ್ತೂಲು ಈ ಪರೀಕ್ಷೆಯಲ್ಲಿ ಒಮ್ಮೆಯೂ ಬಿದ್ದಿಲ್ಲ. ಕಾರಣ ಆ ಹಿತ್ತಾಳೆ. ಅದನ್ನು ಕಡೆದದ್ದು ಹೀಗೆ ಅಂತ ಇವತ್ತೇ ಗೊತ್ತಾಯಿತು.

ಖಾನಾಪುರ_ಅಪ್ಪ

ನಾನು ಶೂಟಿಂಗ್‌ಗೆ ಮಗನನ್ನು ಹಾಕಲು ಒಪ್ಪಿರಲಿಲ್ಲ. ನೇರವಾಗಿ ಹೇಳುತ್ತೇನೆ, ಹೆದರಿಕೆ. ಖಾನಾಪುರದ ಕಡೆ ಕಾಡಂಚಿನ ಊರು ನಮ್ಮದು. ಬಂದೂಕು ಅಂದರೆ ನಮಗೆ ನೆನಪಾಗುವುದೇ ಬೇರೆ. ಹೆಂಡತಿಯಂತೂ "ಬ್ಯಾಡs ಬ್ಯಾಡ" ಅಂತ ಕೂತುಬಿಟ್ಟಿದ್ದಳು.

ಕಾಕಾ ನಮ್ಮಿಬ್ಬರನ್ನೂ ಒಂದು ರವಿವಾರ ಕರೆಸಿ ಹಿಂದಿನ ಬೆಂಚಿನ ಮೇಲೆ ಕೂರಿಸಿದರು. ಮಗನಿಗೆ ಆ ದಿನ ರೈಫಲ್ ಮುಟ್ಟಲು ಕೊಡಲಿಲ್ಲ. ಅದರ ಮುಂದಿನ ವಾರವೂ ಕೊಡಲಿಲ್ಲ. ಮೊದಲು ಕಲಿಸಿದ್ದು ಕೇಸರಿ ಬಣ್ಣದ ಒಂದು ದಾರದ ಪಾಠ. ಅದಕ್ಕೆ ಸೇಫ್ಟಿ ಫ್ಲ್ಯಾಗ್ ಅನ್ನುತ್ತಾರಂತೆ. ನಳಿಗೆಯೊಳಗೆ ಹಾಕಿದರೆ ಎರಡೂ ಕಡೆಯಿಂದ ಕಾಣಬೇಕು. ಕಂಡರೆ ಒಳಗೆ ಪೆಲೆಟ್, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡು, ಇಲ್ಲ ಅಂತ ಅರ್ಥ. "ಇದು ಕಾಣದ ರೈಫಲ್ ಅಂದ್ರ ಲೋಡ್ ಆಗಿದ್ದ ರೈಫಲ್. ನೀ ಈಗs ಖಾಲಿ ಮಾಡಿ ಇಟ್ಟಿದ್ರೂ ಅಷ್ಟ" ಅಂತ ಮಗನಿಂದ ಮತ್ತೆ ಮತ್ತೆ ಹೇಳಿಸಿದರು. ಯಾರಾದರೂ ಟಾರ್ಗೆಟ್ ಕಡೆ ನಡೆದರೆ ಯಾರೂ ರೈಫಲ್ ಮುಟ್ಟುವಂತಿಲ್ಲ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ. ಬೆರಳು ಟ್ರಿಗರ್‌ನಿಂದ ಹೊರಗೆ.

ಮನೆಗೆ ಹೋಗುವಾಗ ನನ್ನ ಹೆಂಡತಿಯೇ ಹೇಳಿದಳು, "ಬೈಕ್ ಕೊಡಿಸೋದಕ್ಕಿಂತ ಇದು ಚಲೋ" ಅಂತ.

ಇನ್ನೊಂದು. ಪೆಲೆಟ್ ಸೀಸದ್ದು. ಪ್ರಾಕ್ಟೀಸ್ ಮುಗಿದ ಮೇಲೆ ನಲ್ಲಿ ಹತ್ತಿರ ಕಾಕಾ ಸೋಪು ಹಿಡಿದು ನಿಂತಿರುತ್ತಿದ್ದರು. ಕೈ ತೊಳೆಯದೆ ಯಾವ ಮಗುವೂ ಟಿಫಿನ್ ಡಬ್ಬಿ ತೆಗೆಯುವಂತಿರಲಿಲ್ಲ. ನಮ್ಮ ಮನೆಯಲ್ಲಿ ಮಗ ಈಗ ಹೊರಗಿನಿಂದ ಬಂದರೆ ನೇರ ನಲ್ಲಿಗೆ ಹೋಗುತ್ತಾನೆ.

ಬೈಲಹೊಂಗಲ_ಕೋವಿ

ನನ್ನದೊಂದು ಸಲಹೆ. ನಮ್ಮ ತಂದೆಯವರ ಹೆಸರಿನಲ್ಲಿ ಲೈಸೆನ್ಸ್ ಇರುವ ಡಬಲ್ ಬ್ಯಾರಲ್ ಬಂದೂಕು ಇದೆ. ಇನ್ನೂ ಇಬ್ಬರು ಗೆಳೆಯರ ಹತ್ತಿರವೂ ಇದೆ. ಕಾಕಾನ ಗೌರವಕ್ಕೆ ರೇಂಜಿನ ಮುಂದೆ ಮೂರು ಸುತ್ತು ಗಾಳಿಯಲ್ಲಿ ಹಾರಿಸೋಣ. ಪೊಲೀಸರು, ಸೈನಿಕರು ತೀರಿಕೊಂಡಾಗ ಕೊಡುವ ಗೌರವ ಅದು. ಕಾಕಾ ಅದಕ್ಕೆ ಯೋಗ್ಯರು ಅಲ್ವಾ?

ಹಳೆ_ಕೆಡೆಟ್

ಅಣ್ಣಾರೆ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ದಯವಿಟ್ಟು ಇದು ಬೇಡ.

ಮೊದಲನೆಯದು ಕಾನೂನು. ಸರ್ಕಾರಿ ಗೌರವದಲ್ಲಿ ಹಾರಿಸುವುದು ಬೇರೆ, ನಾವು ಹಾರಿಸುವುದು ಬೇರೆ. 2019ರ ಆಯುಧ ಕಾಯ್ದೆ ತಿದ್ದುಪಡಿಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಇದೆ. ಇದು ಸಂಭ್ರಮ ಅಲ್ಲ, ದುಃಖ ಅಂತ ನಾವು ವಾದ ಮಾಡಬಹುದು. ಮೇಲೆ ಹೋದ ಗುಂಡು ಕೆಳಗೆ ಬರುವಾಗ ಆ ವಾದ ಕೇಳುವುದಿಲ್ಲ.

ಎರಡನೆಯದು ಕಾಕಾ. ಒಂದು ಘಟನೆ ಹೇಳುತ್ತೇನೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಬಂದಿದ್ದರು. ಯಾರು ಅನ್ನುವುದು ಬೇಡ. ಜೊತೆಗೆ ಐದಾರು ಜನ, ಮೊಬೈಲ್ ಹಿಡಿದು ವಿಡಿಯೊ ತೆಗೆಯುವವರು. ಸಾಹೇಬರಿಗೆ ರೈಫಲ್ ಹಿಡಿದ ಫೋಟೊ ಬೇಕಾಗಿತ್ತು. ಕ್ಯಾಮೆರಾದವ ಸರಿಯಾದ ಆ್ಯಂಗಲ್‌ಗೆ ಅಂತ ಫೈರಿಂಗ್ ಲೈನ್ ದಾಟಿ ಮುಂದೆ ಹೋಗಿ ನಿಂತ. ಸಾಹೇಬರು ರೈಫಲ್ ಅವನ ಕಡೆಗೇ ತಿರುಗಿಸಿದರು. ಒಳಗೆ ಪೆಲೆಟ್ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಸ್ಟಾಪ್" ಅಂತ ಕಾಕಾ ಕೂಗಿದರು. ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಎಲ್ಲ ಲೇನಿನ ಹುಡುಗರೂ ರೈಫಲ್ ಕೆಳಗಿಟ್ಟು ಹಿಂದೆ ಸರಿದರು. ಕಾಕಾ ಹೋಗಿ ಸಾಹೇಬರ ಕೈಯಿಂದ ರೈಫಲ್ ತೆಗೆದುಕೊಂಡು, ಫ್ಲ್ಯಾಗ್ ಹಾಕಿ, ಟೇಬಲ್ ಮೇಲಿಟ್ಟು, "ಇಲ್ಲಿ ಇಷ್ಟು ಮಕ್ಕಳು ನೋಡಾಕತ್ತಾರ್ರಿ ಸಾಹೇಬ್ರ" ಅಂದರು. ಅಷ್ಟೇ. ಸಾಹೇಬರೂ ಒಳ್ಳೆಯವರೇ, ಸುಮ್ನೆ ಹಿಂದೆ ಬಂದು ಬೆಂಚಿನ ಮೇಲೆ ಕೂತರು, ನಿಯಮ ಕೇಳಿ ತಿಳಿದುಕೊಂಡರು, ಆಮೇಲೆ ಸರಿಯಾಗಿ ನಿಂತು ಹತ್ತು ಪೆಲೆಟ್ ಹೊಡೆದೇ ಹೋದರು.

ಅಂಥವರ ಹೆಸರಿನಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದು ಹೇಗೆ?

ಬೈಲಹೊಂಗಲ_ಕೋವಿ

ಸರಿ ತಮ್ಮಾ, ಒಪ್ಪಿದೆ. ಆ ಮಾತು ಇಲ್ಲಿಗೆ ಬಿಟ್ಟೆ.

ಕಾಕಾ ನಮ್ಮ ಕಡೆಯವರು ಬಂದರೆ ತಪ್ಪದೆ ಅಮಟೂರು ಬಾಳಪ್ಪನ ಮಾತು ತೆಗೆಯುತ್ತಿದ್ದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದದ್ದು ಬಾಳಪ್ಪನ ಗುಂಡಿಗೆ ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ರಾಣಿ ಚನ್ನಮ್ಮನ ಬಲಗೈ ಬಂಟ. ಕಾಕಾ ಅದನ್ನು ಕೇಳಿ ಏನು ಹೇಳುತ್ತಿದ್ದರು ಗೊತ್ತಾ? "ಬಾಳಪ್ಪ ಹೊಡದಿದ್ದು ಎಲ್ಲಾರಿಗೂ ಗೊತ್ತೈತಿ. ಆ ಹೊತ್ತಿನ್ಯಾಗ ಬಂದೂಕಿನ ಮದ್ದು ಒಣಗಿಸಿ, ತೊಯ್ಯದಂಗ ಕಾದು ಇಟ್ಟಾಂವ ಯಾರಂತ ಯಾರಿಗೆ ಗೊತ್ತೈತಿ? ಅಂವಾನೂ ಆ ಊರಾಂವನ ಇರಬೇಕಲ್ಲ." ಈಗ ಬರೆಯುವಾಗ ಮೈ ಜುಮ್ ಅಂತು.

ಎಡಗೈ_ರೈಫಲ್

ಮದ್ದು ಒಣಗಿಸುವುದು ಅಂದದ್ದಕ್ಕೆ ನೆನಪಾಯಿತು. ಬೆಳಗಾವಿ ಮಳೆಗಾಲ ನಿಮಗೆ ಗೊತ್ತಲ್ಲ, ಜುಲೈನಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಟಾರ್ಗೆಟ್ ಪೇಪರ್‌ಗೂ ತೇವ ಹಿಡಿಯುತ್ತದೆ. ತೇವದ ಪೇಪರ್ ಮೇಲೆ ಪೆಲೆಟ್ ಬಿದ್ದರೆ ತೂತಿನ ಅಂಚು ಹರಿದು ಎಳೆ ಎಳೆಯಾಗುತ್ತದೆ. ಉಂಗುರ ಮುಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಜಗಳ ಶುರು.

ಕಾಕಾ ಪೇಪರ್ ಇಡುವ ಕಪಾಟಿನೊಳಗೆ ಹಳೆಯ ಕಾಲದ ಬಲ್ಬ್ ಒಂದನ್ನು ಇಳಿಬಿಟ್ಟಿದ್ದರು. ಮಳೆ ಶುರುವಾದರೆ ಅದು ಉರಿಯುತ್ತಲೇ ಇರುತ್ತಿತ್ತು. ಕಪಾಟು ತೆರೆದರೆ ಬೆಚ್ಚಗಿನ ಗಾಳಿ ಮುಖಕ್ಕೆ ಬರುತ್ತಿತ್ತು. ನಮ್ಮ ರೇಂಜಿನ ಪೇಪರ್ ಆಷಾಢದಲ್ಲೂ ಚಟ್ ಅಂತ ಸ್ವಚ್ಛ ತೂತು ಬೀಳುವ ಪೇಪರ್.

ಆಮೇಲೆ ಅವರ ಗೇಜ್ ಹಾಕುವ ರೀತಿ. ಗೇಜ್ ಅಂದರೆ ಹೊಡೆತ ಉಂಗುರ ಮುಟ್ಟಿದೆಯೋ ಅಂತ ನೋಡಲು ತೂತಿನೊಳಗೆ ಇಳಿಸುವ ಅಳತೆಯ ಸಾಧನ. ಸಂಶಯದ ಹೊಡೆತ ಬಂದರೆ ಪೇಪರ್‌ನ್ನು ಗಟ್ಟಿ ಹಲಗೆಯ ಮೇಲೆ ಸಪಾಟಾಗಿ ಇಟ್ಟು, ಗೇಜನ್ನು ನೆಟ್ಟಗೆ ಹಿಡಿದು, ಒತ್ತದೆ, ಅದರದ್ದೇ ಭಾರಕ್ಕೆ ಇಳಿಯಲು ಬಿಡುತ್ತಿದ್ದರು. ಒಂದು ತೂತಿಗೆ ಒಂದೇ ಸಲ ಗೇಜ್. ಎರಡನೆಯ ಸಲ ಹಾಕಿದರೆ ತೂತೇ ದೊಡ್ಡದಾಗಿ ಅಂಕ ಬದಲಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಆ ಹುಡುಗನನ್ನು ಕರೆದು ಭೂತಗನ್ನಡಿ ಅವನ ಕೈಗೆ ಕೊಡುತ್ತಿದ್ದರು. "ನೀನs ನೋಡು." ಅವರು ಅಂಕ ಕಳೆದರೂ ಯಾರೂ ಮುಖ ಊದಿಸಿಕೊಂಡು ಹೋದದ್ದಿಲ್ಲ.

ವಿಜಯಪುರ_ಹತ್ತು_ಮೀಟರ್

ನಾನು ವಿಜಯಪುರದವನು. ರಾತ್ರಿ ಬಸ್ ಹತ್ತಿ ಬಂದು ಬೆಳಿಗ್ಗೆ ಬೆಳಗಾವಿ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೆ. ಕೈಯಲ್ಲಿ ಉದ್ದನೆಯ ಪೆಟ್ಟಿಗೆ. ಕಂಡಕ್ಟರ್‌ನಿಂದ ಹಿಡಿದು ಸ್ಟ್ಯಾಂಡಿನ ಪೊಲೀಸರವರೆಗೆ ಎಲ್ಲರೂ ಕೇಳುವವರೇ. ಏರ್ ರೈಫಲ್ 4.5 ಮಿಲಿಮೀಟರ್ ನಳಿಗೆ, 20 ಜೂಲ್ ಒಳಗಿನ ಶಕ್ತಿ, ಇದಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ ಮಧ್ಯರಾತ್ರಿ ಬಸ್ಸಿನಲ್ಲಿ ಯಾರಿಗೆ ಹೇಳುವುದು? ಕಾಕಾ ನನಗೆ ಒಂದು ಫೈಲ್ ಮಾಡಿಕೊಟ್ಟಿದ್ದರು. ಬಿಲ್ಲಿನ ನಕಲು, ಗುರುತಿನ ಚೀಟಿ, ಪಂದ್ಯದ ಎಂಟ್ರಿ ಪತ್ರ, ಮೇಲೊಂದು ಕನ್ನಡದಲ್ಲಿ ಬರೆದ ಚೀಟಿ: ಇದು ಕ್ರೀಡೆಯ ಏರ್ ರೈಫಲ್, ಹುಡುಗ ಆಟಕ್ಕೆ ಹೊರಟಿದ್ದಾನೆ, ಸಂಶಯವಿದ್ದರೆ ಈ ನಂಬರಿಗೆ ಯಾವ ಹೊತ್ತಿಗಾದರೂ ಫೋನ್ ಮಾಡಿ. ಒಂದು ಸಲ ರಾತ್ರಿ ಎರಡಕ್ಕೆ ಫೋನ್ ಹೋಗಿತ್ತು. ಎತ್ತಿದರು.

ನಾನು ಪಿಸ್ತೂಲಿಗೆ ಬದಲಾದ ಮೇಲೆ ಹೊಡೆತ ಎಲ್ಲ ಕೆಳಗೆ ಎಡಕ್ಕೆ ಹೋಗುತ್ತಿತ್ತು. ಕಾಕಾ ನನ್ನ ಹಳೆಯ ಪೇಪರ್‌ಗಳನ್ನು ತಾರೀಖಿನ ಪ್ರಕಾರ ಟೇಬಲ್ ಮೇಲೆ ಸಾಲಾಗಿ ಹರಡಿದರು. ಮೊದಲ ಪೇಪರ್‌ಗಳಲ್ಲಿ ಗುಂಪು ನಡುವೆ ಇದೆ. ಪ್ರತಿ ದಿನದ ಕೊನೆಯ ಪೇಪರ್‌ಗಳಲ್ಲಿ ಕೆಳಗೆ ಎಡಕ್ಕೆ ಇಳಿದಿದೆ. "ನಾ ಕೋಚ್ ಅಲ್ಲಪಾ. ಪೇಪರ್ ಏನ್ ಹೇಳತೈತಿ ಅಂದ್ರ, ದಣದ ಮ್ಯಾಲ ನೀ ಟ್ರಿಗರ್ ಕಿತ್ತಾಕತ್ತಿ. ನಿಮ್ಮ ಸರ್‌ಗೆ ತೋರ್ಸು" ಅಂದರು. ಸರ್ ಕೂಡ ಅದನ್ನೇ ಹೇಳಿದರು. ಬಲಗೈಯವರು ಟ್ರಿಗರ್ ಜಗ್ಗಿದರೆ ಹೊಡೆತ ಅಲ್ಲಿಗೇ ಹೋಗುತ್ತದೆ. ಕೋಚ್ ಮಾತಿನ ಮೇಲೆ ಮಾತಾಡದೆ, ಹುಡುಗನನ್ನೂ ಕೈಬಿಡದೆ ಹೇಗೆ ಸಹಾಯ ಮಾಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಇದು ಎಲ್ಲರಿಗೂ ಬರುವುದಿಲ್ಲ.

ಮುಧೋಳ_ರೈಫಲ್

ನೆನಪಿಗೆ ಏನು ಮಾಡಬೇಕು ಅನ್ನುವುದಕ್ಕೆ ನನ್ನ ಮಾತು. ಎಲ್ಲರೂ ಕೂಡಿ ದುಡ್ಡು ಹಾಕಿ, ಹೊಡೆತದ ಅಂಕವನ್ನು ತಾನೇ ಪರದೆಯ ಮೇಲೆ ತೋರಿಸುವ ಒಂದು ಎಲೆಕ್ಟ್ರಾನಿಕ್ ಟಾರ್ಗೆಟ್ ತರೋಣ. ದೊಡ್ಡ ಪಂದ್ಯಗಳೆಲ್ಲ ಅದರ ಮೇಲೇ ನಡೆಯುತ್ತವೆ. ರೈಫಲ್‌ನಲ್ಲಿ ಈಗ ದಶಮಾಂಶದ ಅಂಕ, 10.9 ವರೆಗೆ. ಪೇಪರ್ ಮೇಲೆ ಕಲಿತ ಹುಡುಗ ಅಲ್ಲಿ ಹೋಗಿ ಪರದೆ ನೋಡಿ ಗಾಬರಿಯಾಗುತ್ತಾನೆ. ನಾನೂ ಆಗಿದ್ದೆ.

ನಮ್ಮ ಪಕ್ಕದ ಕೊಲ್ಹಾಪುರ ನೋಡಿ. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ ಅಲ್ಲಿಯವರು. 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು) ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ಹಳ್ಳಿಯವರು. ಹೆದ್ದಾರಿಯಲ್ಲಿ ಎರಡು ತಾಸಿನ ದಾರಿ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಹಳೆ_ಕೆಡೆಟ್

ಆಗಬೇಕು. ಪ್ಯಾರಿಸ್‌ನ ಆ ಫೈನಲ್ ದಿನ, ಆಗಸ್ಟ್ 1, ಕಾಕಾ ರೇಂಜಿನಲ್ಲಿ ಹುಡುಗರನ್ನು ಕೂರಿಸಿಕೊಂಡು ಮೊಬೈಲ್‌ನಲ್ಲಿ ನೋಡಿದ್ದರು. ಕುಸಾಳೆ 451.4ಕ್ಕೆ ಮುಗಿಸಿ ಮೂರನೆಯವರಾದರು. ಹುಡುಗರು ಕುಣಿದರು. ಕಾಕಾ ಮಾತ್ರ ಪರದೆಯ ಮೂಲೆಯಲ್ಲಿ ಹಿಂದೆ ನಿಂತಿದ್ದ ರೇಂಜ್ ಅಧಿಕಾರಿಗಳನ್ನು ತೋರಿಸಿ "ಅವರ್ನ ನೋಡ್ರಿ, ಹೆಂಗ ಅಲುಗಾಡದ ನಿಂತಾರ" ಅಂದಿದ್ದರು.

ಆದರೆ ಎಲೆಕ್ಟ್ರಾನಿಕ್ ಟಾರ್ಗೆಟ್ ಬಗ್ಗೆ ನನ್ನ ಅನುಮಾನ ಬೇರೆ. ಒಂದು ಲೇನಿಗೇ ಲಕ್ಷದ ಮಾತು. ತಂದ ಮೇಲೆ ಅದರ ಪೇಪರ್ ರೋಲ್ ಬದಲಿಸುವವರು, ಕೇಬಲ್ ನೋಡುವವರು, ಮಳೆಗಾಲದಲ್ಲಿ ಮುಚ್ಚಿ ಇಡುವವರು ಯಾರು? ಈವರೆಗೆ ಅಂಥ ಎಲ್ಲ ಪ್ರಶ್ನೆಗೂ ನಮ್ಮ ಹತ್ತಿರ ಒಂದೇ ಉತ್ತರ ಇತ್ತು: ಕಾಕಾ ನೋಡ್ಕೋತಾರೆ. ಈಗ ಆ ಉತ್ತರ ಇಲ್ಲ. ಹೋದ ರವಿವಾರ ನಾನು ರೇಂಜಿಗೆ ಹೋಗಿದ್ದೆ. ಶಟರ್ ಹಾಕಿತ್ತು. ಹೊರಗೆ ಹತ್ತು ಹನ್ನೆರಡು ಮಕ್ಕಳು ನಿಂತಿದ್ದರು. ಒಬ್ಬಳು ಗೋಕಾಕದಿಂದ ಬಂದಿದ್ದಳು. ಎಲ್ಲರೂ ವಾಪಸ್ ಹೋದರು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಈಗ ಬೇರೆ ಇಲ್ಲ. ಅವರ ಹೆಸರಿನ ಟ್ರೋಫಿ, ಫಲಕ, ಟಾರ್ಗೆಟ್ ಎಲ್ಲ ಆಮೇಲೆ. ಮೊದಲು ಶಟರ್ ತೆಗೆಯಬೇಕು.

ಮುಧೋಳ_ರೈಫಲ್

ಇದು ಖರೆ. ಮೊದಲು ಶಟರ್.

ಖಾನಾಪುರ_ಅಪ್ಪ

ನಾನು ಬರುತ್ತೇನೆ. ನನಗೆ ಶೂಟಿಂಗ್ ಬರುವುದಿಲ್ಲ, ಆದರೆ ಪೇಪರ್‌ಗೆ ನಂಬರ್ ಹಾಕಲು, ಕಸ ಹೊಡೆಯಲು, ಮಕ್ಕಳ ಕೈ ತೊಳೆಸಲು ಬರುತ್ತದೆ. ತಿಂಗಳಿಗೆ ಒಂದು ರವಿವಾರ ನನ್ನದು ಅಂತ ಬರೆದುಕೊಳ್ಳಿ.

ಕಾಕಾನ_ಮಗಳು

ಎಲ್ಲರಿಗೂ ನಮಸ್ಕಾರ. ಅಣ್ಣ ಈ ಲಿಂಕ್ ಕಳಿಸಿದ. ನಾನು, ಅವ್ವ, ಎಲ್ಲರೂ ಕೂತು ಓದಿದೆವು. ಅವ್ವ ಎಡಗೈ ಹುಡುಗಿಯ ಮಾತನ್ನು ಮತ್ತೊಮ್ಮೆ ಓದಿಸಿಕೊಂಡಳು. ಆ ಜಾಕೆಟ್ ನಮ್ಮ ಮನೆಯ ಹಾಲ್‌ನಲ್ಲಿ ಒಂದು ವಾರ ಕುರ್ಚಿಯ ಮೇಲೆ ಇತ್ತು. ಅಪ್ಪ ಅದರ ಸುತ್ತ ಟೇಪ್ ಹಿಡಿದುಕೊಂಡು ತಿರುಗುತ್ತಿದ್ದರು.

ಅಪ್ಪನ ರೇಂಜ್ ಪುಸ್ತಕ ನನ್ನ ಹತ್ತಿರ ಇದೆ. ಅಂಕಗಳು ಇರಬಹುದು ಅಂತ ತೆಗೆದೆ. ಅಂಕ ಒಂದೂ ಇಲ್ಲ. ಇರುವುದು ಇಂಥವು. ಅವರ ಅಕ್ಷರದಲ್ಲೇ ಇದ್ದಂತೆ ಬರೆಯುತ್ತೇನೆ:

"ಮೂರನೆ ಸಿಲಿಂಡರ್ ಅವಧಿ ಮುಗಿದಿದೆ. ತುಂಬಬಾರದು. ಕೆಂಪು ಬಣ್ಣ ಹಚ್ಚಿ ಬೇರೆ ಇಟ್ಟಿದೆ."

"ನೀಲಿ ಜಾಕೆಟ್ ಬಲ ತೋಳು ಹೊಲಿಗೆ ಬಿಟ್ಟಿದೆ."

"ಗೋಕಾಕ ಹುಡುಗಿ. ವಾಪಸ್ ಬಸ್ ಬೇಗ. ಮೊದಲನೆ ಡಿಟೇಲ್‌ನಲ್ಲಿ ಹಾಕು." (ಡಿಟೇಲ್ ಅಂದರೆ ಒಟ್ಟಿಗೆ ಹೊಡೆಯುವ ಒಂದು ಸರದಿಯ ಗುಂಪು.)

"ಐದನೆ ಲೇನ್ ಹಗ್ಗ ಬದಲಿಸು. ಟಾರ್ಗೆಟ್ ನಡು 1.4 ಮೀಟರ್ ಬರಬೇಕು, ಒಂದು ಬೆರಳು ಇಳಿದಿದೆ."

"ಉದ್ದ ಹುಡುಗ ಮಾತಾಡುತ್ತಿಲ್ಲ. ಪರೀಕ್ಷೆ ಫೇಲ್ ಇರಬೇಕು. ಎರಡು ವಾರ ಅಂಕ ಕೇಳಬಾರದು."

ಪುಟದ ಮೇಲೆ ಪುಟ ಹೀಗೇ ಇದೆ. ಸಿಲಿಂಡರ್ ವಿಷಯ ತುರ್ತು ಅನ್ನಿಸಿತು, ಅದಕ್ಕೆ ಮೊದಲು ಬರೆದೆ. ನಾನು ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದವಳು, ಏರ್ ಸಿಲಿಂಡರ್ ವಿಷಯ ಅಷ್ಟು ಗೊತ್ತಿಲ್ಲ. ತಿಳಿದವರು ನೋಡಿಕೊಳ್ಳಿ.

ಟ್ರೋಫಿ, ಫಲಕದ ಬಗ್ಗೆ ಅವ್ವನ ಮಾತು: ಅವರ ಹೆಸರಿನಲ್ಲಿ ಏನೂ ಇಡಬೇಡಿ. ರೇಂಜ್ ಮುಚ್ಚಬೇಡಿ. ಕೀಲಿ, ಪುಸ್ತಕ, ಗೇಜ್, ಭೂತಗನ್ನಡಿ, ಹಿತ್ತಾಳೆ ತೂಕದ ಕೊಕ್ಕೆ ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟಿದ್ದೇವೆ. ಯಾರಾದರೂ ಬಂದು ತೆಗೆದುಕೊಂಡು ಹೋಗಿ. ಶನಿವಾರ ಸಂಜೆಯವರೆಗೆ ನಾನು ಇಲ್ಲೇ ಇರುತ್ತೇನೆ.

ಟಿಳಕವಾಡಿ_ಪಿಸ್ತೂಲ್

ಅಕ್ಕಾ, ಶುಕ್ರವಾರ ಸಂಜೆ ನಾನು ಬರುತ್ತೇನೆ. ಅವ್ವನವರಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

ಸಿಲಿಂಡರ್ ವಿಷಯ ಎಲ್ಲರಿಗೂ: ಪೆಲೆಟ್ ಹಾರಿಸುವ ಗಾಳಿಯನ್ನು ತುಂಬಿಡುವ ಈ ಸಿಲಿಂಡರ್ ಮೇಲೆ ಅವಧಿ ಕೊರೆದಿರುತ್ತದೆ. ಒಳಗೆ ಸುಮಾರು 200 ಬಾರ್ ಒತ್ತಡ ಇರುತ್ತದೆ. ಅವಧಿ ಮುಗಿದದ್ದನ್ನು ಪಂದ್ಯಕ್ಕೂ ಬಿಡುವುದಿಲ್ಲ, ಅದು ಶೂಟರ್‌ನದ್ದೇ ಜವಾಬ್ದಾರಿ. ಕೆಂಪು ಬಣ್ಣದ ಸಿಲಿಂಡರ್ ಯಾರೂ ಮುಟ್ಟಬೇಡಿ. ಗಾಳಿ ಪೂರ್ತಿ ಬಿಡಿಸಿ ಅದನ್ನು ಬಳಸದಂತೆ ಮಾಡುವುದು ತಿಳಿದವರ ಕೆಲಸ, ನಾನು ವ್ಯವಸ್ಥೆ ಮಾಡುತ್ತೇನೆ.

ಹಾಗಾದರೆ ಇಲ್ಲಿಯವರೆಗೆ: ತಿಂಗಳ ಮೊದಲ ರವಿವಾರ ಖಾನಾಪುರದ ಅಣ್ಣ ಮತ್ತು ನಾನು. ಎರಡನೆಯದಕ್ಕೆ ಹಳೆ ಕೆಡೆಟ್. ಫೈರಿಂಗ್ ಲೈನ್ ಹಿಂದೆ ನಿಂತು ಕಮಾಂಡ್ ಕೊಡುವವರು ಪ್ರತಿ ವಾರ ಒಬ್ಬ ಅನುಭವಿ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಮೂರನೆಯದು, ನಾಲ್ಕನೆಯದು ಯಾರು?

ಎಡಗೈ_ರೈಫಲ್

ಮೂರನೆಯದು ನನ್ನದು. ಕಾಲೇಜು ಪರೀಕ್ಷೆ ಇದ್ದಾಗ ಮೊದಲೇ ಹೇಳುತ್ತೇನೆ. ಸ್ಕೋರಿಂಗ್ ಮತ್ತು ಗೇಜ್ ನಾನು ಕಲಿತಿದ್ದೇನೆ, ಇನ್ನಿಬ್ಬರಿಗೆ ಕಲಿಸುತ್ತೇನೆ. ಕಪಾಟಿನ ಬಲ್ಬ್ ಸುಟ್ಟಿದ್ದರೆ ಅಂಥದ್ದೇ ಹಳೆಯ ಬಲ್ಬ್ ತರಬೇಕು. ಎಲ್‌ಇಡಿ ಹಾಕಬೇಡಿ, ಅದು ಬಿಸಿಯಾಗುವುದಿಲ್ಲ.

ಉದ್ಯಮಬಾಗ್_ಟರ್ನರ್

ನಾಲ್ಕನೆಯ ರವಿವಾರ ನನಗೆ ಕೊಡಿ. ಐದನೆಯ ಲೇನಿನ ಹಗ್ಗ, ರಾಟೆ ಎಲ್ಲ ನೋಡುತ್ತೇನೆ. ಕಮಾಂಡ್ ಕೊಡುವವರು ನನ್ನ ಜೊತೆ ಬೇರೆ ಬೇಕು.

ಬೈಲಹೊಂಗಲ_ಕೋವಿ

ನಾಲ್ಕನೆಯದಕ್ಕೆ ಮಾಮಾ ಅವರ ಜೊತೆ ನಾನು. ನಾನು ಮೊದಲು ರೇಂಜ್ ಕೆಲಸಕ್ಕೆ ನಿಂತಿದ್ದೆ, ಕಮಾಂಡ್ ಕೊಟ್ಟು ರೂಢಿ ಇದೆ.

ವಿಜಯಪುರ_ಹತ್ತು_ಮೀಟರ್

ದೂರ ಇರುವುದರಿಂದ ವಾರ ಹಿಡಿಯಲು ಆಗುವುದಿಲ್ಲ. ಹೊರ ಊರಿನಿಂದ ಬರುವ ಮಕ್ಕಳ ಫೈಲ್ ನಾನು ಮಾಡಿಕೊಡುತ್ತೇನೆ. ಆ ಕನ್ನಡ ಚೀಟಿಯ ಕೆಳಗೆ ನನ್ನ ಫೋನ್ ನಂಬರ್ ಹಾಕಿ. ರಾತ್ರಿ ಎರಡಕ್ಕೂ ಎತ್ತುತ್ತೇನೆ.

ಹೊಸ_ತಾಯಿ

ನಮಸ್ಕಾರ. ನಾನು ಇಲ್ಲಿ ಹೊಸಬಳು. ಕಾಕಾ ಅವರನ್ನು ನೋಡಿಲ್ಲ. ಶಹಾಪುರದಲ್ಲಿ ಇದ್ದೇವೆ. ಮಗಳಿಗೆ ಹದಿಮೂರು ವರ್ಷ. ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿನಿಂದ ಪಿಸ್ತೂಲ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮ ಹತ್ತಿರ ಏನೂ ಇಲ್ಲ, ಕೊಳ್ಳುವ ಶಕ್ತಿಯೂ ಈಗ ಇಲ್ಲ. ಇಂಥ ಹೊತ್ತಿನಲ್ಲಿ ಕೇಳಬಹುದೋ ಬಾರದೋ ಗೊತ್ತಿಲ್ಲ. ಬರಬಹುದಾ?

ಹಳೆ_ಕೆಡೆಟ್

ಅಕ್ಕಾರೆ, ಖಂಡಿತ ಬನ್ನಿ, ಈ ರವಿವಾರವೇ. ಬೆಳಿಗ್ಗೆ ಏಳಕ್ಕೆ ಶಟರ್ ತೆಗೆದಿರುತ್ತದೆ.

ಏನೂ ಕೊಳ್ಳಬೇಡಿ. ಪಿಸ್ತೂಲ್, ಪೆಲೆಟ್ ರೇಂಜಿನಲ್ಲಿವೆ. ಮಗಳಿಗೆ ಚಪ್ಪಟೆ ಅಡಿಯ ಶೂ ಹಾಕಿಸಿ, ಬೆಳಿಗ್ಗೆ ಸ್ವಲ್ಪ ತಿಂದು ಬರಲಿ. ಮೊದಲ ಎರಡು ವಾರ ಪಿಸ್ತೂಲ್ ಕೈಗೆ ಸಿಗುವುದಿಲ್ಲ, ಮುಂಚೆಯೇ ಹೇಳಿಬಿಡಿ, ಬೇಜಾರಾಗಬಾರದು. ಮನೆಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಚಾಚಿ ನಿಲ್ಲುವ ಅಭ್ಯಾಸ ಶುರು ಮಾಡಲಿ. ನಡುಗಿದ ಕೂಡಲೇ ಇಳಿಸಬೇಕು. ನೀವೂ ಜೊತೆಗೆ ಬನ್ನಿ, ಹಿಂದೆ ಬೆಂಚ್ ಇದೆ.

ಅವಳು ಬಲಗೈಯವಳಾ, ಎಡಗೈಯವಳಾ?

ಹೊಸ_ತಾಯಿ

ಎಡಗೈ.